ರೀಫ್ ಟ್ಯಾಂಕ್‌ನ ದೊಡ್ಡ ಟ್ಯಾಂಗ್ ಮೀನು ಸರಿಯಿಲ್ಲ ಅನಿಸಿದಾಗ ಎಲ್ಲಿಂದ ಹುಡುಕಬೇಕು

ರೀಫ್ ಟ್ಯಾಂಕ್ ಅಂದರೆ ಹವಳ ಸಾಕುವ ಉಪ್ಪು ನೀರಿನ ಅಕ್ವೇರಿಯಂ. ಅದರಲ್ಲಿರುವ ಟ್ಯಾಂಗ್ (ಸರ್ಜನ್ ಮೀನು ಅಂತಲೂ ಕರೆಯುತ್ತಾರೆ) ಮೈಮೇಲೆ ನಾಲ್ಕು ಬಿಳಿ ಚುಕ್ಕೆ ಕಂಡರೆ ಸಾಕು, ಹೆಚ್ಚಿನವರು ಮೊದಲು ಹುಡುಕುವುದು ಔಷಧಿ ಬಾಟಲಿ. ಔಷಧಿ ಹಾಕಿ ಎರಡು ದಿನ ಕಳೆಯುವಷ್ಟರಲ್ಲಿ ಚುಕ್ಕೆ ಹೋಗುತ್ತದೆ. ಮನೆಯವರಿಗೆಲ್ಲ ನೆಮ್ಮದಿ. ಒಂದೆರಡು ವಾರದಲ್ಲಿ ಅದೇ ಚುಕ್ಕೆ ಹತ್ತು ಪಟ್ಟು ಜಾಸ್ತಿಯಾಗಿ ವಾಪಸ್ ಬರುತ್ತದೆ. ಆಗ ಮೀನನ್ನು ಉಳಿಸುವುದು ಬಹಳ ಕಷ್ಟ. ಮೊದಲ ಸಲ ಚುಕ್ಕೆ ಹೋಗಿದ್ದಕ್ಕೂ ಆ ಬಾಟಲಿಗೂ ಸಂಬಂಧವೇ ಇರಲಿಲ್ಲ ಎಂಬುದು ಆಮೇಲೆ ತಿಳಿಯುತ್ತದೆ.

ದೊಡ್ಡ ಟ್ಯಾಂಗ್‌ಗಳ ವಿಷಯದಲ್ಲಿ ನಾನು ನಂಬಿರುವುದು ಇಷ್ಟು: ಚರ್ಮದ ಮೇಲೆ ಕಾಣುವ ತೊಂದರೆ ಬಹಳ ಸಲ ಕೊನೆಯ ಕೊಂಡಿ. ಅದಕ್ಕೂ ಮೊದಲೇ ಹಸಿವು, ಜಾಗದ ಕೊರತೆ, ಆಮ್ಲಜನಕದ ಕೊರತೆ, ಪಕ್ಕದ ಮೀನಿನ ಕಾಟ, ಇವುಗಳಲ್ಲಿ ಒಂದೋ ಎರಡೋ ವಾರಗಟ್ಟಲೆ ನಡೆದಿರುತ್ತವೆ. ಅದಕ್ಕೇ ಹುಡುಕುವಾಗಲೂ ಆ ದಾರಿಯಲ್ಲೇ ಹೋಗಬೇಕು. ಮೊದಲು ಉಸಿರು, ಆಮೇಲೆ ಹೊಟ್ಟೆ, ಆಮೇಲೆ ಜೊತೆಗಾರರು, ಕೊನೆಗೆ ಚರ್ಮ.

ಇಲ್ಲಿ ದೊಡ್ಡ ಟ್ಯಾಂಗ್ ಅಂದರೆ ಯಾವುವು? ಕೆಂಪು ಸಮುದ್ರದ ಸೋಹಲ್ ಸುಮಾರು 40 ಸೆಂ.ಮೀ. ಬೆಳೆಯುತ್ತದೆ. ಹಿಂದೂ ಮಹಾಸಾಗರದ ಡೆಸ್ಜಾರ್ಡಿನ್ ಸೇಲ್‌ಫಿನ್ ಕೂಡ ಅಷ್ಟೇ. ನಾಸೋ 45 ಸೆಂ.ಮೀ. ಮುಟ್ಟುತ್ತದೆ. ಪಟ್ಟೆಪಟ್ಟೆಯ ಕ್ಲೌನ್ ಟ್ಯಾಂಗ್ 38 ಸೆಂ.ಮೀ. ತನಕ ಹೋಗುತ್ತದೆ. ಲಕ್ಷದ್ವೀಪ, ಮಾಲ್ಡೀವ್ಸ್, ಶ್ರೀಲಂಕಾ ಸುತ್ತಮುತ್ತ ಸಿಗುವ ಪೌಡರ್ ಬ್ಲೂ ಇವುಗಳಿಗಿಂತ ಚಿಕ್ಕದು, ಸಾಮಾನ್ಯವಾಗಿ 23 ಸೆಂ.ಮೀ. ಆಸುಪಾಸು. ಆದರೆ ಕಾಯಿಲೆ ಬೀಳುವುದರಲ್ಲಿ ಅದೇ ಎಲ್ಲಕ್ಕಿಂತ ಮುಂದೆ, ಹಾಗಾಗಿ ಅದನ್ನೂ ಸೇರಿಸಿಕೊಂಡಿದ್ದೇನೆ.

ಕೈ ಹಾಕುವ ಮೊದಲು ಸುಮ್ನೆ ನೋಡಿ

ಟ್ಯಾಂಕ್‌ನಿಂದ ಒಂದು ಮಾರು ದೂರ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ಕೂತು ನೋಡಿ. ಹತ್ತಿರ ಹೋದರೆ ಮೀನು ಊಟ ಬಂತು ಅಂದುಕೊಂಡು ಗಾಜಿಗೆ ಬರುತ್ತದೆ, ಹುಷಾರಿಲ್ಲದ ಮೀನೂ ಆ ಎರಡು ನಿಮಿಷ ಚುರುಕಾಗಿಯೇ ಕಾಣುತ್ತದೆ. ದೂರದಿಂದ ನೋಡಿದರೆ ಅದು ನಿಜವಾಗಿ ಏನು ಮಾಡುತ್ತಿದೆ ಎಂಬುದು ಗೊತ್ತಾಗುತ್ತದೆ.

ನೋಡುವ ಹೊತ್ತೂ ಮುಖ್ಯ. ರಾತ್ರಿ ಲೈಟ್ ಆರಿದ ಮೇಲೆ ಟ್ಯಾಂಗ್‌ಗಳ ಬಣ್ಣ ಬದಲಾಗುತ್ತದೆ. ಹಳದಿ ಟ್ಯಾಂಗ್ ಮಂಕಾಗಿ ಮಧ್ಯದಲ್ಲಿ ಬಿಳಿ ಪಟ್ಟೆ ಮೂಡುತ್ತದೆ, ನಾಸೋ ಮೈಯೆಲ್ಲ ಮಚ್ಚೆಮಚ್ಚೆಯಾಗುತ್ತದೆ. ಬೆಳಿಗ್ಗೆ ಲೈಟ್ ಹಾಕಿದ ಕೂಡಲೇ ಇದನ್ನು ನೋಡಿ ಗಾಬರಿಯಾಗುವವರು ಬಹಳ ಜನ. ಅರ್ಧ ಗಂಟೆಯಲ್ಲಿ ಬಣ್ಣ ಮರಳಿದರೆ ಅದು ರೋಗವಲ್ಲ. ಮಧ್ಯಾಹ್ನವೂ ಅದೇ ಮಚ್ಚೆ ಇದ್ದರೆ ಮಾತ್ರ ಮೀನು ಯಾವುದಕ್ಕೋ ಹೆದರಿದೆ ಅಥವಾ ಬಳಲಿದೆ ಅಂತ ತಿಳಿಯಬೇಕು.

ಒಂದು ಟಾರ್ಚ್ ಇಟ್ಟುಕೊಳ್ಳಿ. ಮೀನು ಪಕ್ಕಕ್ಕೆ ತಿರುಗಿದಾಗ ಓರೆಯಾಗಿ ಬೆಳಕು ಬಿಟ್ಟರೆ ಚರ್ಮದ ಮೇಲಿನ ಉಬ್ಬು, ಧೂಳಿನಂಥ ಪದರ, ಗೀರು ಎಲ್ಲ ಎದ್ದು ಕಾಣುತ್ತವೆ. ಟ್ಯಾಂಕ್‌ನ ನೀಲಿ ಬೆಳಕಿನಲ್ಲಿ ಇದ್ಯಾವುದೂ ಸರಿಯಾಗಿ ಕಾಣುವುದಿಲ್ಲ. ಪಂಪ್‌ನಿಂದ ಬರುವ ಸಣ್ಣ ಗುಳ್ಳೆಗಳು, ಲೋಳೆಗೆ ಅಂಟಿಕೊಂಡ ಮರಳಿನ ಕಣಗಳು ಚುಕ್ಕೆಯ ಹಾಗೇ ಕಾಣುತ್ತವೆ. ಅವು ಕೆಲವು ಗಂಟೆಗಳಲ್ಲಿ ಉದುರಿಹೋಗುತ್ತವೆ.

ಉಸಿರು ಜೋರಾಗಿದ್ದರೆ

ಕಿವಿರಿನ ಮುಚ್ಚಳ ಒಂದು ನಿಮಿಷಕ್ಕೆ ಎಷ್ಟು ಸಲ ತೆರೆಯುತ್ತದೆ ಅಂತ ಎಣಿಸಿ. ಪ್ರತಿಯೊಂದು ಮೀನಿಗೂ ಅದರದೇ ಲೆಕ್ಕ ಇರುತ್ತದೆ. ಆರೋಗ್ಯವಾಗಿದ್ದಾಗಲೇ ಎಣಿಸಿ ಬರೆದಿಟ್ಟುಕೊಂಡರೆ ಆಮೇಲೆ ಬಹಳ ಉಪಯೋಗಕ್ಕೆ ಬರುತ್ತದೆ. ಸುಮ್ಮನೆ ತೇಲುತ್ತಿರುವಾಗಲೂ ನಿಮಿಷಕ್ಕೆ 120 ದಾಟುತ್ತಿದ್ದರೆ ಅದು ತುರ್ತು.

ಈಗ ಒಂದೇ ಪ್ರಶ್ನೆ. ಎಲ್ಲ ಮೀನುಗಳೂ ಏದುಸಿರು ಬಿಡುತ್ತಿವೆಯಾ, ಅಥವಾ ಟ್ಯಾಂಗ್ ಒಂದೇ ಬಿಡುತ್ತಿದೆಯಾ? ಎಲ್ಲವೂ ಆದರೆ ತಪ್ಪು ನೀರಿನಲ್ಲಿದೆ. ಟ್ಯಾಂಗ್ ಒಂದೇ ಆದರೆ ಕಿವಿರಿನಲ್ಲಿ ಪರಾವಲಂಬಿ ಇರುವ ಸಾಧ್ಯತೆ ದೊಡ್ಡದು. ಆದರೂ ಮೊದಲು ನೀರನ್ನು ನೋಡಿ ಮುಗಿಸಿ, ಏಕೆಂದರೆ ಅದಕ್ಕೆ ಅರ್ಧ ಗಂಟೆ ಸಾಕು. ದೊಡ್ಡ ಟ್ಯಾಂಗ್‌ಗೆ ಬೇಕಾಗುವ ಆಮ್ಲಜನಕ ಜಾಸ್ತಿ. ಅಲೆ ಬಡಿಯುವ ಬಂಡೆಗಳ ಮೇಲೆ ದಿನವಿಡೀ ಈಜುವ ಮೀನು ಅದು. ಹಾಗಾಗಿ ನೀರಿನಲ್ಲಿ ಆಮ್ಲಜನಕ ಇಳಿದಾಗ ಮೊದಲು ಒದ್ದಾಡುವುದೂ ಅದೇ.

ಉಪ್ಪು ನೀರು 25 ಡಿಗ್ರಿಯಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 6.7 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಅದು ಸುಮಾರು 6.2ಕ್ಕೆ ಇಳಿಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಮನೆಗಳಲ್ಲೇ ಚಿಲ್ಲರ್ ಇಲ್ಲದ ಟ್ಯಾಂಕ್ 30 ಮುಟ್ಟುವುದುಂಟು. ಮಂಗಳೂರು, ಉಡುಪಿ ಕಡೆ ಕೇಳುವುದೇ ಬೇಡ. ಅದರ ಮೇಲೆ ರಾತ್ರಿ ಹವಳವೂ ಪಾಚಿಯೂ ಆಮ್ಲಜನಕವನ್ನು ಕೊಡುವ ಬದಲು ಬಳಸುತ್ತವೆ. ಹಾಗಾಗಿ ಬೆಳಗಿನ ಜಾವ, ಲೈಟ್ ಹತ್ತುವ ಮುಂಚೆ, ಆಮ್ಲಜನಕ ಎಲ್ಲಕ್ಕಿಂತ ಕಡಿಮೆ. ಬೆಳಿಗ್ಗೆ ಏದುಸಿರು, ಮಧ್ಯಾಹ್ನ ಸರಿ, ಮರುದಿನ ಬೆಳಿಗ್ಗೆ ಮತ್ತೆ ಏದುಸಿರು ಅಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ.

ಪರೀಕ್ಷೆ ಸುಲಭ. ಒಂದು ವೇವ್‌ಮೇಕರ್ ಅನ್ನು (ನೀರಿನಲ್ಲಿ ಹರಿವು ಎಬ್ಬಿಸುವ ಪಂಪ್) ಮೇಲ್ಮೈ ಕಡೆ ತಿರುಗಿಸಿ, ನೀರು ಕುದಿಯುವ ಹಾಗೆ ಕದಡಲಿ. ಗಾಳಿಗುಳ್ಳೆಯಿಂದ ಕೊಳೆ ತೆಗೆಯುವ ಸ್ಕಿಮ್ಮರ್ ಗಾಳಿ ಎಳೆಯುವ ಕೊಳವೆಯಲ್ಲಿ ಉಪ್ಪು ಕಟ್ಟಿದೆಯಾ ನೋಡಿ ಬಿಸಿನೀರಿನಲ್ಲಿ ತೊಳೆಯಿರಿ. ಕಿಟಕಿ ತೆರೆಯಿರಿ. ಅರ್ಧ ಗಂಟೆಯಲ್ಲಿ ಉಸಿರು ಇಳಿದರೆ ಕಾರಣ ಸಿಕ್ಕಿತು. ಇಳಿಯದಿದ್ದರೆ ಅಮೋನಿಯಾ ಪರೀಕ್ಷೆ ಮಾಡಿ, ಉಪ್ಪಂಶ ಅಳೆಯಿರಿ. ಉಪ್ಪಂಶ ಅಳೆಯುವ ರಿಫ್ರಾಕ್ಟೋಮೀಟರ್ ಇದ್ದರೆ ಅದನ್ನು 35 ಪಿಪಿಟಿ (ಸಾವಿರಕ್ಕೆ 35 ಭಾಗ ಉಪ್ಪು) ದ್ರಾವಣದಲ್ಲಿ ಹೊಂದಿಸಿಕೊಂಡು ಅಳೆಯುವುದು ಒಳ್ಳೆಯದು. ಆರ್‌ಓ ನೀರಿನಲ್ಲಿ ಸೊನ್ನೆಗೆ ಹೊಂದಿಸಿದರೆ ಮೇಲಿನ ಅಂಕಿಗಳಲ್ಲಿ ವ್ಯತ್ಯಾಸ ಉಳಿದುಬಿಡಬಹುದು.

ಕರೆಂಟ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ಎರಡು ಗಂಟೆ ಕಾಲ ಕರೆಂಟ್ ಹೋಗಿ ಬಂದಿದ್ದು ಮನೆಯವರಿಗೆ ಗೊತ್ತೇ ಆಗಿರುವುದಿಲ್ಲ. ಬೆಳಿಗ್ಗೆ ಟ್ಯಾಂಗ್ ಒದ್ದಾಡುತ್ತಿರುತ್ತದೆ, ಚಿಕ್ಕ ಮೀನುಗಳು ಆರಾಮಾಗಿರುತ್ತವೆ. ಟ್ಯಾಂಗ್ ಒಂದೇ ಅನ್ನುವ ಲೆಕ್ಕ ಆಗ ದಾರಿ ತಪ್ಪಿಸುತ್ತದೆ. ಇನ್ವರ್ಟರ್‌ಗೆ ಟ್ಯಾಂಕ್‌ನದ್ದೆಲ್ಲವನ್ನೂ ಸೇರಿಸಬೇಕಿಲ್ಲ. ಒಂದು ವೇವ್‌ಮೇಕರ್ ಮತ್ತು ಫಿಲ್ಟರ್ ತೊಟ್ಟಿಯಿಂದ ನೀರನ್ನು ಮೇಲೆ ಕಳಿಸುವ ರಿಟರ್ನ್ ಪಂಪ್ ಇದ್ದರೆ ಸಾಕು. ಅದೂ ಆಗದಿದ್ದರೆ ಕರೆಂಟ್ ಹೋದ ಕೂಡಲೇ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದನ್ನು ಇಟ್ಟುಕೊಳ್ಳಿ.

ಹೊಟ್ಟೆ ಒಳಗೆ ಹೋಗಿದೆ

ಪಕ್ಕದಿಂದ ನೋಡಿದರೆ ಟ್ಯಾಂಗ್ ಯಾವಾಗಲೂ ತಟ್ಟೆಯ ಹಾಗೆ ಅಗಲವಾಗಿಯೇ ಕಾಣುತ್ತದೆ. ಸೊರಗಿದ್ದು ಗೊತ್ತಾಗುವುದು ಎದುರಿನಿಂದ ನೋಡಿದಾಗ. ಗಾಜಿನ ಕಡೆ ನೇರವಾಗಿ ಈಜಿ ಬರುವಾಗ ಎರಡು ಜಾಗ ಗಮನಿಸಿ. ಒಂದು, ಪಕ್ಕದ ರೆಕ್ಕೆಯ ಕೆಳಗೆ, ಹೊಟ್ಟೆ ಶುರುವಾಗುವಲ್ಲಿ. ಅಲ್ಲಿ ಚಿವುಟಿದಂತೆ ಒಳಗೆ ಹೋಗಿದ್ದರೆ ಕೆಲವು ದಿನಗಳಿಂದ ಮೇವು ಸಾಕಾಗಿಲ್ಲ. ಇನ್ನೊಂದು, ಕಣ್ಣಿನ ಮೇಲೆ, ಬೆನ್ನಿನ ಏರು. ಅಲ್ಲಿ ಮಾಂಸ ಕರಗಿ ಏಣು ಚೂಪಾಗಿದ್ದರೆ ಹಸಿವು ವಾರಗಳದ್ದು. ಮೊದಲನೆಯದನ್ನು ಸರಿಪಡಿಸುವುದು ಸುಲಭ. ಎರಡನೆಯ ಹಂತಕ್ಕೆ ಬಂದ ಮೀನನ್ನು ಅಂಗಡಿಯಲ್ಲಿ ಕಂಡರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.

ಇವು ಮೇಯುವ ಮೀನುಗಳು. ಸಮುದ್ರದಲ್ಲಿ ಬೆಳಕು ಹರಿದಾಗಿನಿಂದ ಕತ್ತಲಾಗುವ ತನಕ ಬಂಡೆಯ ಮೇಲಿನ ಗಿಡ್ಡ ಪಾಚಿಯನ್ನು ಕಚ್ಚಿ ಕಚ್ಚಿ ತಿನ್ನುತ್ತಲೇ ಇರುತ್ತವೆ. ಪಾಚಿಯಲ್ಲಿ ಸತ್ವ ಕಡಿಮೆ, ಹಾಗಾಗಿ ಹೊಟ್ಟೆ ಖಾಲಿ ಇರಬಾರದು. ದಿನಕ್ಕೆ ಒಂದು ಸಲ ಫ್ರೋಜನ್ ಮೈಸಿಸ್ (ಸೀಗಡಿಯಂಥ ಪುಟ್ಟ ಜೀವಿ) ಹಾಕಿ, ಮೀನು ಗಬಗಬ ತಿನ್ನುತ್ತದಲ್ಲ ಅಂದುಕೊಂಡರೆ ಅದು ಮೆಲ್ಲಗೆ ಸೊರಗುತ್ತದೆ. 'ಚೆನ್ನಾಗಿ ತಿನ್ನುತ್ತದೆ, ಆದರೂ ಸಣ್ಣಗಾಗುತ್ತಿದೆ' ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ.

ಸರ್ಜನ್ ಮೀನುಗಳ ಕರುಳಿನೊಳಗೆ ಒಂದು ಬೆರಗಿನ ಲೋಕವೇ ಇದೆ. 1985ರಲ್ಲಿ ಕೆಂಪು ಸಮುದ್ರದ ಕಂದು ಸರ್ಜನ್ ಮೀನಿನ ಕರುಳಿನಲ್ಲಿ ಎಪುಲೋಪಿಸಿಯಂ ಎಂಬ ಜೀವಿಯನ್ನು ಕಂಡು ವಿವರಿಸಿದರು. ಅರ್ಧ ಮಿಲಿಮೀಟರ್‌ಗೂ ಉದ್ದ, ಬರಿಗಣ್ಣಿಗೇ ಕಾಣುವಷ್ಟು. ಅಷ್ಟು ದೊಡ್ಡದಿದ್ದದ್ದಕ್ಕೆ ಅದು ಬ್ಯಾಕ್ಟೀರಿಯಾ ಅಂತ ಮೊದಲು ಯಾರಿಗೂ ಅನಿಸಲಿಲ್ಲ. 1993ರಲ್ಲಿ ಅದು ಬ್ಯಾಕ್ಟೀರಿಯಾವೇ ಅಂತ ಖಚಿತವಾಯಿತು. ಪಾಚಿ ಮೇಯುವ ಮೀನಿನ ಹೊಟ್ಟೆಯಲ್ಲಿ ಇಂಥ ಜೀವಿಗಳ ಇಡೀ ಸಂಸಾರವಿದೆ. ಹಿಡಿದಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಮೀನು ದಿನಗಟ್ಟಲೆ ಉಪವಾಸ ಬಿದ್ದರೆ ಇವಕ್ಕೂ ಮೇವಿಲ್ಲ. ಹೊಸ ಟ್ಯಾಂಗ್‌ಗೆ ಮೊದಲ ವಾರ ಮಾಂಸದ ಆಹಾರಕ್ಕಿಂತ ಪಾಚಿ ಮುಖ್ಯ ಅಂತ ನಾನು ಒತ್ತಿ ಹೇಳುವುದು ಇದಕ್ಕೇ.

ಸರಿಪಡಿಸುವ ದಾರಿ ನೋರಿಯಿಂದ, ಅಂದರೆ ಒಣಗಿಸಿದ ಸಮುದ್ರ ಪಾಚಿಯ ಹಾಳೆಯಿಂದ ಶುರು. ಸೂಪರ್‌ಮಾರ್ಕೆಟ್‌ನಲ್ಲಿ ಸಿಗುವ ಸುಶಿ ನೋರಿ ಆಗುತ್ತದೆ. ಪೊಟ್ಟಣದ ಹಿಂದೆ ಓದಿ: ಎಣ್ಣೆ, ಉಪ್ಪು, ಮಸಾಲೆ ಯಾವುದೂ ಇರಬಾರದು. ತಿಂಡಿಗೆ ಅಂತ ಮಾರುವ ಕೊರಿಯನ್ ನೋರಿಯಲ್ಲಿ ಎಣ್ಣೆ ಇರುತ್ತದೆ, ಅದು ಬೇಡ. ಹಾಳೆಯನ್ನು ಕ್ಲಿಪ್‌ಗೆ ಸಿಕ್ಕಿಸಿ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ತುಂಡು ತೂಗುಹಾಕಿ. ದೊಡ್ಡ ಸೇಲ್‌ಫಿನ್ ಅಥವಾ ನಾಸೋ ದಿನಕ್ಕೆ ಅರ್ಧ ಹಾಳೆ ಮುಗಿಸಿದರೆ ಆಶ್ಚರ್ಯವಿಲ್ಲ. ಹೆಚ್ಚು ಮೀನು ಇದ್ದರೆ ಎರಡು ಮೂಲೆಯಲ್ಲಿ ಎರಡು ಕ್ಲಿಪ್ ಇರಲಿ. ಒಂದೇ ಕ್ಲಿಪ್ ಇದ್ದರೆ ಗಟ್ಟಿಗ ಮೀನು ಅದರ ಮುಂದೆ ಕಾವಲು ನಿಂತುಬಿಡುತ್ತದೆ. ಪಾಲಕ್, ಲೆಟ್ಯೂಸ್ ಹಾಕುವವರಿದ್ದಾರೆ. ಒಂದೆರಡು ದಿನ ಬೇರೆ ಏನೂ ಸಿಗದಿದ್ದರೆ ಸರಿ, ದಿನದ ಮೇವಾಗಿ ಅದು ಸಾಲದು.

ಹೊಸ ಮೀನಿಗೆ ಕ್ಲಿಪ್ ಅಂದರೇನು ಅಂತ ಗೊತ್ತಿರುವುದಿಲ್ಲ. ಅದು ತೂಗಾಡುವ ಹಾಳೆಗೆ ಹೆದರುತ್ತದೆ. ನೋರಿಯನ್ನು ಒಂದು ಚಪ್ಪಟೆ ಕಲ್ಲಿಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಬಂಡೆಗಳ ನಡುವೆ ಇಡಿ. ಮೀನು ಮೊದಲು ಪಕ್ಕದಲ್ಲಿ ಹಾದುಹೋಗುತ್ತದೆ. ಆಮೇಲೆ ತಲೆ ಕೆಳಗೆ ಮಾಡಿ, ಒಂದು ಕಣ್ಣಿನಿಂದ ಕಲ್ಲನ್ನು ನೋಡುತ್ತದೆ. ತುಟಿ ಮುಂದೆ ಚಾಚಿ ಒಂದು ಕಚ್ಚು, ತಟ್ಟನೆ ಹಿಂದೆ. ಎರಡನೇ ಕಚ್ಚಿಗೆ ತಲೆಯನ್ನು ಪಕ್ಕಕ್ಕೆ ಎಳೆದು ಚೂರು ಹರಿದುಕೊಳ್ಳುತ್ತದೆ. ಆ ಪಕ್ಕದ ಎಳೆತ ಕಂಡಿತೆಂದರೆ ನಿಟ್ಟುಸಿರು ಬಿಡಬಹುದು. ಬಾಯಿಗೆ ತೆಗೆದುಕೊಂಡು ಮತ್ತೆ ಮತ್ತೆ ಉಗುಳುತ್ತಿದ್ದರೆ ಬಾಯಿಯಲ್ಲಿ ಗಾಯವಿರಬಹುದು, ಟಾರ್ಚ್ ಬಿಟ್ಟು ತುಟಿ ನೋಡಿ.

ನಾಸೋ ಸ್ವಲ್ಪ ಬೇರೆ. ಅದು ಸಮುದ್ರದಲ್ಲಿ ಸರ್ಗಾಸಮ್‌ನಂಥ ಕಂದು ಪಾಚಿಯನ್ನು ಇಷ್ಟಪಟ್ಟು ತಿನ್ನುತ್ತದೆ. ನೋರಿ ಮುಟ್ಟದ ನಾಸೋಗೆ ಉಪ್ಪು ಹಾಕದ ಒಣ ವಾಕಮೆಯನ್ನು (ಅದೂ ಕಂದು ಪಾಚಿ) ನೆನೆಸಿ ಕೊಟ್ಟು ನೋಡಿ. ಇನ್ನು ಅಕಾಂಥುರಸ್ ಕುಲದ, ಆರೆಂಜ್ ಶೋಲ್ಡರ್‌ನಂಥ ಕೆಲವು ಟ್ಯಾಂಗ್ ಜಾತಿಗಳ ಜಠರ ದಪ್ಪ ಗೋಡೆಯದು. ಅವು ಮರಳಿನ ಜೊತೆ ಮೇವು ನುಂಗಿ ಅರೆಯುತ್ತವೆ. ತಳದಲ್ಲಿ ಮರಳೇ ಇಲ್ಲದ ಟ್ಯಾಂಕ್‌ಗೆ ಇವನ್ನು ತರಬಾರದು.

ಪಾಚಿಯನ್ನು ದಿನವಿಡೀ ತಿಂದೂ ಸೊರಗುತ್ತಿದ್ದರೆ ಹಿಕ್ಕೆ ನೋಡಿ. ಗಾಢ ಹಸಿರು, ತುಂಡು ತುಂಡಾಗಿ ಉದುರುತ್ತಿದ್ದರೆ ಸರಿ. ಬಿಳಿಯಾಗಿ, ದಾರದಂತೆ ಉದ್ದಕ್ಕೆ ಜೋತಾಡುತ್ತಿದ್ದರೆ ಕರುಳಿನಲ್ಲಿ ಹುಳು ಅಥವಾ ಏಕಕೋಶ ಜೀವಿಗಳಿರಬಹುದು. ಹುಳುವಿಗೆ ಪ್ರಾಜಿಕ್ವಾಂಟೆಲ್, ಏಕಕೋಶ ಜೀವಿಗಳಿಗೆ ಮೆಟ್ರೊನಿಡಜೋಲ್, ಎರಡನ್ನೂ ಆಹಾರದಲ್ಲಿ ಬೆರೆಸಿ ಬೇರೆ ಟ್ಯಾಂಕ್‌ನಲ್ಲಿ ಕೊಡಬೇಕು. ಪ್ರಮಾಣವನ್ನು ಮೀನು ನೋಡುವ ಪಶುವೈದ್ಯರನ್ನು ಕೇಳಿಯೇ ಹಾಕಿ.

ಜಾಸ್ತಿ ಮೇವು ಹಾಕಿದರೆ ನೈಟ್ರೇಟ್, ಫಾಸ್ಫೇಟ್ ಏರುತ್ತದಲ್ಲ ಎಂಬ ಪ್ರಶ್ನೆ ಬರುತ್ತದೆ. ಏರುತ್ತದೆ. ಅದಕ್ಕೆ ಸ್ಕಿಮ್ಮರ್ ದೊಡ್ಡದು ಹಾಕಿ, ಸಂಪ್‌ನಲ್ಲಿ (ಟ್ಯಾಂಕ್‌ಗೆ ಜೋಡಿಸಿದ ಫಿಲ್ಟರ್ ತೊಟ್ಟಿ) ಪಾಚಿ ಬೆಳೆಸಿ, ನೀರು ಬದಲಿಸಿ. ಮೀನಿನ ಮೇವು ಕಡಿತ ಮಾಡಿ ನೀರಿನ ಅಂಕಿ ಚೆನ್ನಾಗಿಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಮೂಲೆ ಹಿಡಿದಿದೆ, ಹೊರಗೆ ಬರುತ್ತಿಲ್ಲ

ಬಾಲದ ಬುಡದ ಎರಡೂ ಪಕ್ಕದಲ್ಲಿ ಇವಕ್ಕೆ ಚೂರಿಯಂಥ ಮುಳ್ಳಿದೆ. ಬಾಲ ಬೀಸಿದರೆ ಪಕ್ಕದ ಮೀನಿನ ಮೈ ಸೀಳುತ್ತದೆ. ಗಾಯದ ಗುರುತು ಸ್ಪಷ್ಟ: ನೇರವಾದ, ಬ್ಲೇಡಿನಲ್ಲಿ ಎಳೆದಂಥ ಗೀರು, ಹೆಚ್ಚಾಗಿ ಮೈಯ ಪಕ್ಕದಲ್ಲಿ. ಬಂಡೆಗೆ ಉಜ್ಜಿಕೊಂಡ ಗಾಯಕ್ಕೆ ಇಷ್ಟು ನೇರ ಅಂಚು ಇರುವುದಿಲ್ಲ.

ಯಾರು ಹೊಡೆಯುತ್ತಿದ್ದಾರೆ ಅಂತ ಪತ್ತೆ ಮಾಡಲು ಊಟದ ಹೊತ್ತಿಗೆ ನೋಡಿ. ಆಕಾರದಲ್ಲಿ, ಬಣ್ಣದಲ್ಲಿ ತನ್ನಂತೆಯೇ ಇರುವ ಮೀನಿನ ಮೇಲೇ ಟ್ಯಾಂಗ್‌ಗೆ ಸಿಟ್ಟು ಹೆಚ್ಚು. ಸೇಲ್‌ಫಿನ್‌ಗೆ ಹಳದಿ ಟ್ಯಾಂಗ್ ಆಗದು, ಪೌಡರ್ ಬ್ಲೂಗೆ ಇನ್ನೊಂದು ಅಕಾಂಥುರಸ್ ಆಗದು. ಸೋಹಲ್ ಮತ್ತು ಕ್ಲೌನ್ ಟ್ಯಾಂಗ್‌ಗೆ ಬೆಳೆದ ಮೇಲೆ ಯಾರೂ ಆಗುವುದಿಲ್ಲ. ಕ್ಲೌನ್ ಟ್ಯಾಂಗ್ ಸಮುದ್ರದಲ್ಲೇ ತನ್ನ ಪಾಚಿಯ ಜಾಗವನ್ನು ಕಾಯುವ ಮೀನು. ನಾಲ್ಕು ಅಡಿ ಟ್ಯಾಂಕ್‌ನಲ್ಲಿ ಇಡೀ ಟ್ಯಾಂಕೇ ಅದರ ಜಾಗ.

ಖಚಿತ ಮಾಡಿಕೊಳ್ಳಲು ಕಾಟ ಕೊಡುವ ಮೀನನ್ನು ರಂಧ್ರಗಳಿರುವ ಪಾರದರ್ಶಕ ಅಕ್ರಿಲಿಕ್ ಪೆಟ್ಟಿಗೆಯಲ್ಲಿ ಅದೇ ಟ್ಯಾಂಕ್‌ನೊಳಗೆ ಕೂರಿಸಿ. ಒಂದೆರಡು ದಿನದಲ್ಲಿ ಅಡಗಿದ್ದ ಮೀನು ಹೊರಬಂದು ಮೇಯತೊಡಗಿದರೆ ರೋಗ ಹುಡುಕುವ ಅಗತ್ಯವೇ ಇಲ್ಲ. ಕೂಡಿಟ್ಟ ಸಮಯದಲ್ಲಿ ಬಂಡೆಗಳನ್ನು ಬೇರೆ ಥರ ಜೋಡಿಸಿ, ಆಮೇಲೆ ಬಿಡಿ. ಹೊಸ ಮೀನನ್ನು ತರುವಾಗಲೂ ಇದೇ ಪೆಟ್ಟಿಗೆ ಕೆಲಸಕ್ಕೆ ಬರುತ್ತದೆ, ಆಗ ಒಳಗೆ ಕೂರುವುದು ಹೊಸದು. ಟ್ಯಾಂಕ್‌ನ ಒಂದು ತುದಿಗೆ ಹೊರಗಿನಿಂದ ಕನ್ನಡಿ ಒರಗಿಸಿದರೆ ಹಳೆಯ ಮೀನಿನ ಗಮನ ತನ್ನದೇ ಬಿಂಬದ ಕಡೆ ತಿರುಗಿ ಹೊಸದಕ್ಕೆ ಕೆಲವು ದಿನ ಉಸಿರಾಡಲು ಬಿಡುವು ಸಿಗುತ್ತದೆ.

ಇಷ್ಟೆಲ್ಲ ಮಾಡಿಯೂ ಜಗಳ ನಿಲ್ಲದಿದ್ದರೆ ಟೇಪ್ ತೆಗೆದು ಟ್ಯಾಂಕ್ ಅಳೆಯಿರಿ. ಲೀಟರ್‌ಗಿಂತ ಉದ್ದ ಮುಖ್ಯ, ಇವು ಓಡಾಡುವ ಮೀನುಗಳು. ಪೌಡರ್ ಬ್ಲೂಗೆ ಆರು ಅಡಿ, ಸೋಹಲ್, ನಾಸೋ, ಬೆಳೆದ ಸೇಲ್‌ಫಿನ್‌ಗೆ ಎಂಟು ಅಡಿ ಇರಬೇಕು ಎಂಬುದು ನನ್ನ ಲೆಕ್ಕ. 'ಚಿಕ್ಕದನ್ನು ತರೋಣ, ಬೆಳೆದಾಗ ನೋಡೋಣ' ಎಂಬ ಮಾತು ಬಹಳ ಕೇಳುತ್ತೇವೆ, ಅಲ್ವಾ? ಗ್ರೇಟ್ ಬ್ಯಾರಿಯರ್ ರೀಫ್‌ನ ಸರ್ಜನ್ ಮೀನುಗಳ ಕಿವಿಯೊಳಗಿನ ಕಲ್ಲಿನ ಉಂಗುರ ಎಣಿಸಿದ ಅಧ್ಯಯನದಲ್ಲಿ ಹಲವು ಜಾತಿಗಳು 30 ವರ್ಷ ದಾಟಿ ಬದುಕುತ್ತವೆ, ಆದರೆ ಮೈ ಬೆಳೆಯುವುದು ಬಹುಪಾಲು ಮೊದಲ ಕೆಲವೇ ವರ್ಷಗಳಲ್ಲಿ ಎಂದು ಕಂಡುಬಂದಿದೆ. ಅಂದರೆ ಆ ದಿನ ದೂರವಿಲ್ಲ, ಆಮೇಲಿನ ಬದುಕು ಮಾತ್ರ ಬಹಳ ಉದ್ದ.

ಚರ್ಮದ ಮೇಲೆ ಏನೋ ಇದೆ

ಉಪ್ಪಿನ ಕಾಳಿನಷ್ಟು, ಬಿಡಿಬಿಡಿಯಾಗಿ ಎಣಿಸಬಹುದಾದ ಬಿಳಿ ಚುಕ್ಕೆಗಳಿದ್ದರೆ ಅದು ಇಕ್. ಕ್ರಿಪ್ಟೋಕ್ಯಾರಿಯಾನ್ ಎಂಬ ಪರಾವಲಂಬಿ. ಮೀನಿನ ಮೈಮೇಲೆ ಅದು ಇರುವುದು 3ರಿಂದ 7 ದಿನ ಮಾತ್ರ. ಆಮೇಲೆ ತಾನೇ ಉದುರಿ, ಬಂಡೆಗೋ ಮರಳಿಗೋ ಅಂಟಿ ಗಟ್ಟಿ ಕೋಶ ಕಟ್ಟಿಕೊಳ್ಳುತ್ತದೆ. ಅದರೊಳಗೆ ಒಡೆದು ಒಂದು ನೂರಾರು ಆಗುತ್ತದೆ. ಹೆಚ್ಚಿನವು 3ರಿಂದ 28 ದಿನದಲ್ಲಿ ಹೊರಬರುತ್ತವೆ, ದಾಖಲಾದ ಅತಿ ತಡದ್ದು 72 ದಿನ. ಹೊರಬಂದದ್ದು ಒಂದೆರಡು ದಿನದೊಳಗೆ ಮೀನು ಹಿಡಿಯದಿದ್ದರೆ ಸಾಯುತ್ತದೆ. ಚುಕ್ಕೆ ಹೋದ ದಿನ ರೋಗ ಹೋಗಿಲ್ಲ, ಅದು ನಿಮ್ಮ ಬಂಡೆಗೆ ವರ್ಗವಾಗಿದೆ.

ಚುಕ್ಕೆ ಎಣಿಸಲಾಗದಷ್ಟು ಸಣ್ಣದಾಗಿ, ಸಕ್ಕರೆ ಪುಡಿ ಅಥವಾ ಧೂಳು ಉದುರಿಸಿದಂತೆ ಇದ್ದರೆ ವೆಲ್ವೆಟ್. ಇದು ಕ್ರೂರವಾದದ್ದು. ಮೀನು ಬೆಳಕಿಗೆ ಹೆದರುತ್ತದೆ, ವೇವ್‌ಮೇಕರ್‌ನ ಬಿರುಸಾದ ಹರಿವಿಗೆ ಮುಖವೊಡ್ಡಿ ನಿಲ್ಲುತ್ತದೆ, ಉಸಿರು ಜೋರು, ಊಟ ಬಿಡುತ್ತದೆ. ಎಷ್ಟೋ ಸಲ ಚರ್ಮದ ಮೇಲೆ ಏನೂ ಕಾಣುವ ಮುಂಚೆಯೇ ಕಿವಿರು ಹಾಳಾಗಿರುತ್ತದೆ. ಇಕ್ ನಿಮಗೆ ವಾರಗಳನ್ನು ಕೊಡುತ್ತದೆ, ವೆಲ್ವೆಟ್ ಕೊಡುವುದು ದಿನಗಳನ್ನು. ಅನುಮಾನವಿದ್ದರೆ ವೆಲ್ವೆಟ್ ಅಂತಲೇ ಹಿಡಿದು ಅವತ್ತೇ ಮೀನನ್ನು ಹೊರತೆಗೆಯಿರಿ.

ಕಣ್ಣು ಮಂಜಾಗಿದ್ದು, ಮೈ ಉಜ್ಜಿಕೊಳ್ಳುತ್ತಿದ್ದು, ಚುಕ್ಕೆ ಕಾಣದಿದ್ದರೆ ಚರ್ಮದ ಫ್ಲೂಕ್ ಹುಳು ಇರಬಹುದು. ಅದೇ ತಾಪಮಾನ, ಅದೇ ಪಿಎಚ್ ಇರುವ, ಗಾಳಿ ಆಡಿಸಿದ ಸಿಹಿನೀರಿನಲ್ಲಿ ಮೀನನ್ನು ಐದು ನಿಮಿಷ ಬಿಟ್ಟರೆ ಹುಳುಗಳು ಬೆಳ್ಳಗಾಗಿ ಉದುರಿ ಪಾತ್ರೆಯ ತಳದಲ್ಲಿ ಕಾಣುತ್ತವೆ. ತಳ ಕಪ್ಪಗಿರುವ ಪಾತ್ರೆ ಇದ್ದರೆ ಒಳ್ಳೆಯದು. ಮೀನು ಪಕ್ಕಕ್ಕೆ ಬಿದ್ದು ಒದ್ದಾಡಿದರೆ ಕೂಡಲೇ ಉಪ್ಪು ನೀರಿಗೆ ವಾಪಸ್ ಬಿಡಿ. ಫ್ಲೂಕ್‌ಗೆ ಪ್ರಾಜಿಕ್ವಾಂಟೆಲ್ ಔಷಧಿ, ಒಂದು ವಾರ ಬಿಟ್ಟು ಎರಡನೇ ಸಲ. ಹಳದಿ ಟ್ಯಾಂಗ್ ಮೇಲೆ ಕರಿ ಚುಕ್ಕೆಗಳಿದ್ದರೆ ಅದೂ ಒಂದು ಥರದ ಚಪ್ಪಟೆ ಹುಳುವೇ, ಇದೇ ದಾರಿ. ರೆಕ್ಕೆಯ ಅಂಚಿನಲ್ಲಿ ಹೂಕೋಸಿನಂಥ ಗಂಟು ಇದ್ದರೆ ಅದು ಲಿಂಫೋಸಿಸ್ಟಿಸ್, ವೈರಸ್‌ನದ್ದು. ಅದಕ್ಕೆ ಔಷಧಿ ಇಲ್ಲ, ಮೇವು ಚೆನ್ನಾಗಿದ್ದರೆ ತಾನೇ ಹೋಗುತ್ತದೆ.

ಇಕ್ ಮತ್ತು ವೆಲ್ವೆಟ್ ಎರಡಕ್ಕೂ ನಂಬಬಹುದಾದ ಮದ್ದು ತಾಮ್ರ. ಅದನ್ನು ಯಾವ ಕಾರಣಕ್ಕೂ ರೀಫ್ ಟ್ಯಾಂಕ್‌ಗೆ ಹಾಕಬಾರದು, ಹವಳ, ಸೀಗಡಿ, ಬಸವನಹುಳು ಎಲ್ಲ ಸಾಯುತ್ತವೆ. ಬೇರೆ ಟ್ಯಾಂಕ್ ಬೇಕೇ ಬೇಕು. ಮಾರುಕಟ್ಟೆಯಲ್ಲಿ ಎರಡು ಥರದ ತಾಮ್ರವಿದೆ. ಚಿಲೇಟೆಡ್ ತಾಮ್ರವನ್ನು (ಬೇರೆ ಅಣುವಿಗೆ ಕಟ್ಟಿಹಾಕಿದ ತಾಮ್ರ) 2.0ರಿಂದ 2.5 ಪಿಪಿಎಂ (ಲೀಟರಿಗೆ ಸುಮಾರು ಅಷ್ಟು ಮಿಲಿಗ್ರಾಂ) ಮಟ್ಟದಲ್ಲಿ 30 ದಿನ ಇಡುತ್ತಾರೆ. ಇನ್ನೊಂದು ಥರದ್ದು, ಕ್ಯೂಪ್ರಮೈನ್ ಬ್ರಾಂಡಿನಂಥದ್ದು, ಅದರ ಮಟ್ಟ 0.5 ಪಿಪಿಎಂ ಮಾತ್ರ. ಒಂದರ ಅಂಕಿ ಇನ್ನೊಂದಕ್ಕೆ ಹಾಕಿದರೆ ಒಂದೋ ಮೀನು ಸಾಯುತ್ತದೆ, ಇಲ್ಲವೇ ಪರಾವಲಂಬಿ ಬದುಕುತ್ತದೆ. ಬಾಟಲಿಯ ಮೇಲಿನದ್ದನ್ನು ಓದಿ, ಆ ಥರದ ತಾಮ್ರವನ್ನು ಅಳೆಯುವ ಡಿಜಿಟಲ್ ಮೀಟರ್ ಇಟ್ಟುಕೊಂಡು ದಿನವೂ ಅಳೆಯಿರಿ. ಆ ನೀರಿಗೆ ಅಮೋನಿಯಾವನ್ನೂ ಹಿಡಿದಿಡುವ ಡಿಕ್ಲೋರಿನೇಟರ್ (ಕ್ಲೋರಿನ್ ತೆಗೆಯುವ ದ್ರಾವಣ) ಸೇರಿಸಬೇಡಿ, ತಾಮ್ರದ ವಿಷ ಏರುತ್ತದೆ. ಅಮೋನಿಯಾ ಬಂದರೆ ಅದೇ ಮಟ್ಟದ ತಾಮ್ರ ಬೆರೆಸಿದ ಹೊಸ ಉಪ್ಪು ನೀರು ಬದಲಿಸಿ.

ತಾಮ್ರ ಬೇಡ, ಇಕ್ ಅಂತ ಖಚಿತವಿದೆ ಅನ್ನುವವರಿಗೆ ಟ್ಯಾಂಕ್ ಬದಲಿಸುವ ವಿಧಾನ ಇದೆ. 72 ಗಂಟೆಗೊಮ್ಮೆ ಮೀನನ್ನು ಪೂರ್ತಿ ಒಣಗಿಸಿದ, ಹೊಸ ನೀರಿನ ಇನ್ನೊಂದು ಟಬ್‌ಗೆ ಹಾಕುತ್ತ ಹೋಗುವುದು, ನಾಲ್ಕು ಸಲ. ಉದುರಿದ ಪರಾವಲಂಬಿ ಮರಿ ಬಿಡುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ವೆಲ್ವೆಟ್‌ಗೂ ಫ್ಲೂಕ್‌ಗೂ ಇದು ಕೆಲಸ ಮಾಡುವುದಿಲ್ಲ.

ಒಂದೇ ಮೀನಿಗೆ ಚುಕ್ಕೆ ಇದ್ದರೂ ಎಲ್ಲ ಮೀನುಗಳನ್ನೂ ಹೊರತೆಗೆಯಬೇಕು. ರೀಫ್ ಟ್ಯಾಂಕ್ 76 ದಿನ ಮೀನಿಲ್ಲದೆ ಇರಬೇಕು, ಆ 72 ದಿನದ ದಾಖಲೆಯ ಮೇಲೆ ಸ್ವಲ್ಪ ಜಾಸ್ತಿ ಹಿಡಿದ ಲೆಕ್ಕ ಅದು. ಖಾಲಿ ಟ್ಯಾಂಕ್ ನೋಡುತ್ತ ಕೂರುವುದು ಕಷ್ಟ, ನಿಜ. ಬೆಳ್ಳುಳ್ಳಿ ರಸ, ಯುವಿ ಲೈಟ್, ಕ್ಲೀನರ್ ಸೀಗಡಿ ಇವ್ಯಾವುವೂ ಈ ದಿನಗಳ ಬದಲಿಗೆ ನಿಲ್ಲುವುದಿಲ್ಲ. ಯುವಿಯಿಂದ ನೀರಿನಲ್ಲಿ ತೇಲುವ ಮರಿಗಳು ಕಡಿಮೆಯಾಗಬಹುದು, ಕೋಶಗಳಿಗೆ ಅದು ತಲುಪದು.

ಮುಖದ ಮೇಲೆ ಗುಳಿ, ಮೈಯುದ್ದಕ್ಕೂ ಸವೆದ ಗೆರೆ

ಕಣ್ಣಿನ ಸುತ್ತ ಸಣ್ಣ ಗುಳಿಗಳು, ಆಮೇಲೆ ಪಕ್ಕದ ಗೆರೆಯ ಉದ್ದಕ್ಕೂ ಬಣ್ಣ ಹೋಗಿ ಚರ್ಮ ಸವೆಯುವುದು. ಇದು ಅಂಟುರೋಗವಲ್ಲ, ತಾಮ್ರ ಹಾಕಿದರೆ ಇನ್ನೂ ಕೆಡುತ್ತದೆ. ಪಾಚಿ ಕಡಿಮೆ, ಜೀವಸತ್ವ ಕಡಿಮೆ, ಒತ್ತಡ ಅಂತ ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಪ್ರಯೋಗ ಮಾಡಿ ತೋರಿಸಿದ ಕಾರಣ ಬೇರೆಯೇ. ಅಮೆರಿಕದ ಟೊಲಿಡೊ ಮೃಗಾಲಯದ ಜೇ ಹೆಮ್ಡಾಲ್ ಮತ್ತು ಆಂಡ್ರ್ಯೂ ಓಡಮ್ 2011ರಲ್ಲಿ ಅಟ್ಲಾಂಟಿಕ್‌ನ ಓಷನ್ ಸರ್ಜನ್ ಮೀನುಗಳನ್ನು ಬೇರೆ ಬೇರೆ ಟ್ಯಾಂಕ್ ವ್ಯವಸ್ಥೆಗಳಲ್ಲಿ ಸಾಕಿ ನೋಡಿದರು. ನೀರು ಶುದ್ಧ ಮಾಡಲು ಪುಡಿಪುಡಿಯಾಗುವ ಲಿಗ್ನೈಟ್ ಕಾರ್ಬನ್ (ಕಂದು ಕಲ್ಲಿದ್ದಲಿನಿಂದ ಮಾಡಿದ ಇದ್ದಿಲು) ಹಾಕಿದ ಕಡೆ ಮೂರು ತಿಂಗಳೊಳಗೆ ಈ ಸವೆತ ತೀವ್ರವಾಗಿ ಬಂತು. ಗಟ್ಟಿ ಗುಳಿಗೆಯ ಕಾರ್ಬನ್ ಇದ್ದಲ್ಲಿ ಸೌಮ್ಯವಾಗಿ ಬಂತು. ಕಾರ್ಬನ್ ಇಲ್ಲದ ಕಡೆ ಬರಲಿಲ್ಲ.

ಹಾಗಾಗಿ ಗುಳಿ ಕಂಡರೆ ಮೊದಲು ಕಾರ್ಬನ್ ತೆಗೆಯಿರಿ, ನೀರು ಬದಲಿಸಿ, ಸ್ಕಿಮ್ಮರ್ ಚೆನ್ನಾಗಿ ಓಡಲಿ. ನೋರಿ ಹೆಚ್ಚಿಸಿ. ಹೊಸ ಚರ್ಮ ಬರಲು ತಿಂಗಳುಗಳು ಹಿಡಿಯುತ್ತವೆ, ಆಳವಾದ ಗುಳಿಗಳ ಕಲೆ ಉಳಿದುಬಿಡಬಹುದು. ಕಾರ್ಬನ್ ಮತ್ತೆ ಬಳಸಲೇಬೇಕಾದರೆ ಗಟ್ಟಿ ಗುಳಿಗೆಯದ್ದನ್ನೇ ತೆಗೆದುಕೊಂಡು, ನೀರು ಕಪ್ಪಾಗುವುದು ನಿಲ್ಲುವ ತನಕ ಆರ್‌ಓ ನೀರಿನಲ್ಲಿ ತೊಳೆದು, ಸ್ವಲ್ಪವೇ ಹಾಕಿ.

ಟ್ಯಾಂಕ್ ತುಂಬ ಪಾಚಿ, ಟ್ಯಾಂಗ್ ಮಾತ್ರ ಮುಟ್ಟುತ್ತಿಲ್ಲ

ಇದು ಮೀನಿನ ದೋಷವಲ್ಲ. ಕೆಂಪು ಲೋಳೆಯಂತೆ ಹರಡುವ ಸಯನೋ, ಕಂದು ದಾರದಂಥ ಡೈನೋ, ಗರಿಯಂಥ ಬ್ರಯಾಪ್ಸಿಸ್ ಇವನ್ನು ಟ್ಯಾಂಗ್ ತಿನ್ನುತ್ತದೆ ಅಂತ ನಂಬಿಕೊಂಡು ಕೂರಬೇಡಿ. ಉದ್ದ ಬೆಳೆದ ಕೂದಲು ಪಾಚಿಯನ್ನೂ ಅವು ಅಷ್ಟಾಗಿ ಮುಟ್ಟುವುದಿಲ್ಲ. ಕೈಯಲ್ಲಿ ಕಿತ್ತು ಗಿಡ್ಡ ಮಾಡಿ ಬಿಟ್ಟರೆ ಆಮೇಲೆ ಚಿಗುರನ್ನು ಮೇಯುತ್ತವೆ. ಗುಳ್ಳೆ ಪಾಚಿಯನ್ನು ಡೆಸ್ಜಾರ್ಡಿನ್ ಸೇಲ್‌ಫಿನ್ ಹಲವು ಸಲ ತಿನ್ನುತ್ತದೆ, ಎಲ್ಲ ಸೇಲ್‌ಫಿನ್‌ಗಳೂ ಅಲ್ಲ.

ಹವಳ ಕಚ್ಚತೊಡಗಿದರೆ ಮೊದಲು ಒಂದು ವಾರ ನೋರಿ ದುಪ್ಪಟ್ಟು ಮಾಡಿ ನೋಡಿ. ನಿಂತರೆ ಅದು ಹಸಿವು. ಹೊಟ್ಟೆ ತುಂಬಿದ್ದೂ ದಪ್ಪ ಮಾಂಸದ ಹವಳಗಳನ್ನೇ ಹುಡುಕಿ ಕಚ್ಚುತ್ತಿದ್ದರೆ ಅದು ಚಟವಾಗಿದೆ. ಆಗ ಹವಳ ಅಥವಾ ಮೀನು, ಎರಡರಲ್ಲಿ ಒಂದನ್ನು ಬೇರೆ ಕಡೆ ಸಾಗಿಸಬೇಕು. ಕಚ್ಚುತ್ತಿರುವುದು ಬರೀ ಸತ್ತ ಹವಳದ ಬುಡದ ಪಾಚಿಯನ್ನಾ ಅಂತ ಸರಿಯಾಗಿ ನೋಡಿಕೊಳ್ಳಿ, ಬಹಳ ಸಲ ಅದೇ ಆಗಿರುತ್ತದೆ.

ಹೊರತೆಗೆಯುವಾಗ

ಬಲೆ ಬೇಡ. ಬಾಲದ ಮುಳ್ಳು ಬಲೆಗೆ ಸಿಕ್ಕಿಕೊಂಡರೆ ಮೀನು ತಿರುಚಾಡಿ ಇನ್ನಷ್ಟು ಗಾಯ ಮಾಡಿಕೊಳ್ಳುತ್ತದೆ. ಅಕ್ರಿಲಿಕ್ ಪೆಟ್ಟಿಗೆಯ ಬಾಗಿಲಿಗೆ ದಾರ ಕಟ್ಟಿ, ಒಳಗೆ ನೋರಿ ಸಿಕ್ಕಿಸಿ, ಬಾಗಿಲು ತೆರೆದೇ ಕೆಲವು ದಿನ ಟ್ಯಾಂಕ್‌ನಲ್ಲಿ ಇಡಿ. ಬೇರೆ ಕಡೆ ನೋರಿ ಹಾಕಬೇಡಿ. ಮೀನು ಒಳಗೆ ಹೋಗಿ ತಿಂದು ಬರುವುದು ರೂಢಿಯಾದ ಮೇಲೆ ಒಂದು ದಿನ ದಾರ ಬಿಡಿ. ವೆಲ್ವೆಟ್‌ನಂಥ ತುರ್ತಿನಲ್ಲಿ ಇಷ್ಟು ಕಾಯಲಾಗದು. ಆಗ ನೀರಿನ ಮಟ್ಟ ಕಾಲುಭಾಗಕ್ಕೆ ಇಳಿಸಿ, ಪ್ಲಾಸ್ಟಿಕ್ ಡಬ್ಬಿಯನ್ನು ಅಡ್ಡ ಹಿಡಿದು ಅದರೊಳಗೆ ಓಡಿಸಿ. ತೆಗೆದ ನೀರನ್ನು ಡ್ರಮ್‌ನಲ್ಲಿ ಇಟ್ಟುಕೊಂಡರೆ ವಾಪಸ್ ತುಂಬಬಹುದು. ಹೊರಗೆ ನಿಲ್ಲುವ ಹವಳಗಳ ಮೇಲೆ ಅದೇ ನೀರನ್ನು ಆಗಾಗ ಸುರಿಯುತ್ತಿರಿ.

ದಪ್ಪ ಗ್ಲೌಸ್ ಹಾಕಿಕೊಳ್ಳಿ. ಮುಳ್ಳು ತಾಗಿದರೆ ಗಾಯ ಆಳವಾಗಿರುತ್ತದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಟೆಟನಸ್ ಇಂಜೆಕ್ಷನ್ ಹಳೆಯದಾಗಿದ್ದರೆ ಹಾಕಿಸಿಕೊಳ್ಳಿ. ವಾರಗಳ ನಂತರ ಅದೇ ಜಾಗದಲ್ಲಿ ಗಂಟು ಎದ್ದರೆ ಅಕ್ವೇರಿಯಂ ನೀರಿನ ಗಾಯ ಅಂತ ಡಾಕ್ಟರಿಗೆ ಮರೆಯದೆ ಹೇಳಿ. ಆ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಂ ಒಂದು ನಿಧಾನಕ್ಕೆ ಬೆಳೆಯುವ ಸೋಂಕು ತರುತ್ತದೆ, ಅದಕ್ಕೆ ಕೊಡುವ ಔಷಧಿಯೇ ಬೇರೆ.